ಜೇಬಿನಲ್ಲಿರುವ ಕಾರ್ಡಿಗೆ ಮಷೀನ್ ತಾಗಿಸಿ ಹಣ ಕದಿಯಬಹುದೇ? 'ಟ್ಯಾಪ್' ಪಾವತಿಯ ಬಗ್ಗೆ ತಿಳಿದಿರಬೇಕಾದದ್ದು

ಕಿಕ್ಕಿರಿದ ಜಾಗ. ಒಬ್ಬನ ಕೈಯಲ್ಲಿ ಸ್ವೈಪಿಂಗ್ ಮಷೀನ್. ಮುಂದೆ ನಿಂತವರ ಹಿಂಜೇಬಿಗೆ ಅದನ್ನು ಮೆಲ್ಲಗೆ ತಾಗಿಸುತ್ತಾನೆ, 'ಬೀಪ್' ಎನ್ನುತ್ತದೆ, ಹಣ ಹೋಯಿತು! ಇಂಥ ವಿಡಿಯೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. 'ತಕ್ಷಣ ಎಲ್ಲರಿಗೂ ತಿಳಿಸಿ' ಎಂಬ ಸಾಲೂ ಜೊತೆಗಿರುತ್ತದೆ. ಅದನ್ನು ನೋಡಿದ ಎಷ್ಟೋ ಮನೆಗಳಲ್ಲಿ ಹಿರಿಯರು ಕೇಳುವ ಪ್ರಶ್ನೆ ಒಂದೇ: 'ಏನಪ್ಪಾ ಇದು, ಬ್ಯಾಂಕಿನವರು ಕೊಟ್ಟ ಹೊಸ ಕಾರ್ಡು ಕತ್ತರಿಸಿ ಹಾಕಲಾ?'

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಈ ಭಯಕ್ಕೆ ಅರ್ಥವಿದೆ. ಇಲ್ಲಿ ಬಹುತೇಕ ಮನೆಗಳಿಗೆ ತಿಂಗಳ ಸಂಬಳವಿಲ್ಲ. ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾಗಬೇಕು. ಸುಲಿಸಬೇಕು, ಒಡೆಸಬೇಕು, ತಿಪಟೂರು ಎಪಿಎಂಸಿಗೆ ಸಾಗಿಸಬೇಕು ಅಥವಾ ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಕೊಡಬೇಕು. ಆಮೇಲೆ ದುಡ್ಡು ಒಟ್ಟಿಗೆ ಖಾತೆಗೆ ಬರುತ್ತದೆ. ಹೀಗೆ ವರ್ಷದ ದುಡಿಮೆಯೆಲ್ಲ ಒಂದೇ ಖಾತೆಯಲ್ಲಿ, ಒಂದೇ ಕಾರ್ಡಿನ ಹಿಂದೆ ಇರುವಾಗ ತಪ್ಪು ಮಾಹಿತಿಯೂ ನಷ್ಟವನ್ನೇ ತರುತ್ತದೆ.

ಚುಟುಕಾಗಿ ಹೇಳುವುದಾದರೆ

ವಿಡಿಯೋದಲ್ಲಿ ತೋರಿಸುವ ಕಳ್ಳತನ ತಾಂತ್ರಿಕವಾಗಿ ಪೂರ್ತಿ ಅಸಾಧ್ಯವಲ್ಲ. ಆದರೆ ಅದು ಕಷ್ಟದ ದಾರಿ, ಕಳ್ಳ ಸಿಕ್ಕಿಬೀಳುವ ದಾರಿ. ನಿಜವಾದ ಅಪಾಯಗಳು ಎರಡು. ಒಂದು, ಕಾರ್ಡ್ ಕಳೆದುಹೋಗಿದ್ದರೂ ಬ್ಲಾಕ್ ಮಾಡಿಸದೆ ಇರುವುದು. ಎರಡು, ಫೋನಿನಲ್ಲಿ ಯಾರೋ ಹೇಳಿದಂತೆ ಆ್ಯಪ್ ಹಾಕಿಕೊಂಡು ನಮ್ಮ ಕೈಯಾರೆ ಪಿನ್ ಕೊಡುವುದು.

ಟ್ಯಾಪ್ ಕಾರ್ಡ್ ಕೆಲಸ ಮಾಡುವುದು ಹೇಗೆ?

ಕಾರ್ಡಿನ ಮೇಲೆ ವೈಫೈ ಗುರುತನ್ನು ಅಡ್ಡ ಮಲಗಿಸಿದಂತೆ ನಾಲ್ಕು ಬಾಗಿದ ಗೆರೆಗಳಿದ್ದರೆ ಅದು ಟ್ಯಾಪ್ ಕಾರ್ಡ್. ಇದರ ಹಿಂದಿನ ತಂತ್ರಜ್ಞಾನವನ್ನು ಮೊಬೈಲುಗಳಲ್ಲಿ ಎನ್‌ಎಫ್‌ಸಿ ಎನ್ನುತ್ತಾರೆ. ಇದರ ಪ್ರಚಾರಕ್ಕಾಗಿ ನೋಕಿಯಾ, ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 2004ರಲ್ಲಿ ಎನ್‌ಎಫ್‌ಸಿ ಫೋರಂ ಎಂಬ ಒಕ್ಕೂಟ ಕಟ್ಟಿದವು. ಬೆಂಗಳೂರಿನ ನಮ್ಮ ಮೆಟ್ರೋ ಗೇಟಿಗೆ ತಾಗಿಸುವ ಕಾರ್ಡಿನ ಹಿಂದೆಯೂ ಇದೇ ಬಗೆಯ ವಿಜ್ಞಾನವಿದೆ.

ಟ್ಯಾಪ್ ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಪ್ಲಾಸ್ಟಿಕ್ ಪದರದ ಒಳಗೆ ತೆಳುವಾದ ತಂತಿಯ ಸುರುಳಿಯೊಂದು ಇದೆ. ಪಂಪ್‌ಸೆಟ್ ಮೋಟರ್ ಸುಟ್ಟಾಗ ವೈಂಡಿಂಗ್ ಮಾಡಿಸುತ್ತೇವಲ್ಲ, ಅಂಥದ್ದೇ ಸುರುಳಿ, ಬಹಳ ಚಿಕ್ಕದು. ಅಂಗಡಿಯ ಮಷೀನಿನಲ್ಲೂ ಒಂದು ಸುರುಳಿ ಇರುತ್ತದೆ. ಅದರಲ್ಲಿ ಸೆಕೆಂಡಿಗೆ 1 ಕೋಟಿ 35 ಲಕ್ಷದ 60 ಸಾವಿರ ಸಲ, ಅಂದರೆ 13.56 ಮೆಗಾಹರ್ಟ್ಸ್ ವೇಗದಲ್ಲಿ, ವಿದ್ಯುತ್ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ. ಅದರಿಂದ ಸುತ್ತಲೂ ಕಾಂತಕ್ಷೇತ್ರ ಹುಟ್ಟುತ್ತದೆ. ಕಾರ್ಡನ್ನು ಹತ್ತಿರ ತಂದರೆ ಅದರ ಸುರುಳಿಯಲ್ಲೂ ಸ್ವಲ್ಪ ವಿದ್ಯುತ್ ಹುಟ್ಟಿ, ಅಷ್ಟರಿಂದಲೇ ಚಿಪ್ ಎಚ್ಚರಗೊಂಡು ಉತ್ತರ ಕೊಡುತ್ತದೆ. ಮಷೀನಿನಿಂದ ದೂರವಿದ್ದಾಗ ಕಾರ್ಡ್ ಸುಮ್ಮನೆ ಒಂದು ಪ್ಲಾಸ್ಟಿಕ್ ತುಂಡು. ಹಾಗಾಗಿ ಅಂಗಿಯ ಜೇಬಿನಲ್ಲಿಟ್ಟರೆ ಅದರಿಂದ ಸದಾ ವಿಕಿರಣ ಹೊಮ್ಮುತ್ತದೆ ಎಂಬ ಮಾತಿಗೂ ಆಧಾರವಿಲ್ಲ.

ಈ ಕಾಂತಕ್ಷೇತ್ರ ದೂರ ಹೋದಂತೆ ಬಹಳ ಬೇಗ ಕುಗ್ಗುತ್ತದೆ. ಸುರುಳಿಯ ಅಳತೆಯನ್ನು ಮೀರಿದ ಮೇಲೆ ದೂರ ಎರಡರಷ್ಟಾದರೆ ಬಲ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಅಂಗಡಿಯ ಮಷೀನಿಗೆ ಕಾರ್ಡನ್ನು ಸುಮಾರು 4 ಸೆಂಟಿಮೀಟರ್, ಅಂದರೆ ಎರಡು ಬೆರಳಿನಷ್ಟು ಹತ್ತಿರ ಹಿಡಿಯಬೇಕು. ಬಸ್ಸಿನ ಇನ್ನೊಂದು ತುದಿಯಿಂದ ಯಾರೂ ನಿಮ್ಮ ಕಾರ್ಡ್ ಓದಲಾರರು.

ಹಾಗಾದರೆ ಜೇಬಿಗೇ ತಾಗಿಸಿದರೆ?

ಕಳ್ಳ ಅಷ್ಟು ಹತ್ತಿರ ಬಂದನೆಂದೇ ಇಟ್ಟುಕೊಳ್ಳೋಣ. ಅವನೆದುರು ಹಲವು ತಡೆಗಳಿವೆ.

1. ಟ್ಯಾಪ್ ಚಾಲೂ ಇರಬೇಕು. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಹೊರಡಿಸಿದ ಸೂಚನೆಯಂತೆ, ಹೊಸದಾಗಿ ಕೊಡುವ ಕಾರ್ಡ್ ದೇಶದೊಳಗಿನ ಎಟಿಎಂನಲ್ಲಿ ಮತ್ತು ಅಂಗಡಿಯ ಮಷೀನಿಗೆ ತೂರಿಸಿ ಬಳಸಲು ಮಾತ್ರ ಚಾಲೂ ಇರಬೇಕು. ಟ್ಯಾಪ್, ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಗ್ರಾಹಕರೇ ಬೇಕೆಂದು ಚಾಲೂ ಮಾಡಿಕೊಳ್ಳಬೇಕು.

2. ಮೊತ್ತಕ್ಕೆ ಮಿತಿ ಇದೆ. ಪಿನ್ ಇಲ್ಲದೆ ಟ್ಯಾಪ್ ಮಾಡುವ ಮಿತಿ ಮೊದಲು 2,000 ರೂಪಾಯಿ ಇತ್ತು. 2021ರ ಜನವರಿ 1ರಿಂದ ಅದು 5,000 ರೂಪಾಯಿ ಆಯಿತು. ಅದಕ್ಕಿಂತ ಹೆಚ್ಚಾದರೆ ಪಿನ್ ಒತ್ತಲೇಬೇಕು.

3. ಮಷೀನ್ ಸುಮ್ಮನೆ ಸಿಗುವುದಿಲ್ಲ. ಅದನ್ನು ಪಡೆಯಲು ವ್ಯಾಪಾರಿಯ ಗುರುತಿನ ದಾಖಲೆ ಮತ್ತು ಬ್ಯಾಂಕ್ ಖಾತೆ ಬೇಕು. ಕದ್ದ ಹಣ ಆ ಖಾತೆಗೇ ಹೋಗುತ್ತದೆ. ಕಳ್ಳ ತನ್ನ ವಿಳಾಸ ಬರೆದಿಟ್ಟು ಕದ್ದಂತೆ!

4. ಪ್ರತಿ ಸಲವೂ ಹೊಸ ಗುಟ್ಟು. ಪ್ರತಿ ಪಾವತಿಗೂ ಚಿಪ್ ಆ ಸಲಕ್ಕೆ ಮಾತ್ರ ಸಲ್ಲುವ ಸಂಕೇತವೊಂದನ್ನು ಕೊಡುತ್ತದೆ. ಅದನ್ನು ನಕಲು ಮಾಡಿಟ್ಟುಕೊಂಡು ಮತ್ತೆ ಬಳಸಲಾಗದು. ಕಾರ್ಡಿನ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ಓದಲು ಸಾಧ್ಯ ಎಂಬುದು ನಿಜ. ಆದರೆ ಹಿಂಬದಿಯಲ್ಲಿ ಮುದ್ರಿಸಿದ ಮೂರಂಕಿಯ ಸಿವಿವಿ ಹಾಗೆ ಸಿಗುವುದಿಲ್ಲ.

5. ಪರ್ಸಿನಲ್ಲಿ ಎರಡು ಮೂರು ಟ್ಯಾಪ್ ಕಾರ್ಡುಗಳು ಅಂಟಿಕೊಂಡಿದ್ದರೆ ಮಷೀನಿಗೆ ಗೊಂದಲವಾಗಿ ಎಷ್ಟೋ ಸಲ ಯಾವುದನ್ನೂ ಓದುವುದಿಲ್ಲ.

ಇಷ್ಟಾದರೂ 5,000 ರೂಪಾಯಿ ಸಣ್ಣ ಮೊತ್ತವಲ್ಲ. ಉಂಡೆ ಕೊಬ್ಬರಿಗೆ 2024ರ ಹಂಗಾಮಿನಲ್ಲಿ ಕೇಂದ್ರ ಸರ್ಕಾರ ನಿಗದಿಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಆ ಲೆಕ್ಕದಲ್ಲಿ ಒಂದು ಟ್ಯಾಪ್ ಎಂದರೆ ಸುಮಾರು 42 ಕಿಲೋ ಕೊಬ್ಬರಿ. ಆದ್ದರಿಂದ ನಿರ್ಲಕ್ಷ್ಯ ಬೇಡ. ಆದರೆ ಭಯ ಎಲ್ಲಿರಬೇಕೋ ಅಲ್ಲಿರಲಿ.

ಇದೇ ಜಾತಿಯ ಇನ್ನೊಂದು ವಿಡಿಯೋ

2022ರ ಜೂನ್‌ನಲ್ಲಿ ಹುಡುಗನೊಬ್ಬ ಕಾರಿನ ಗಾಜು ಒರೆಸುತ್ತಾ, ಕೈಗಡಿಯಾರದಿಂದ ಫಾಸ್ಟ್‌ಟ್ಯಾಗ್ ಓದಿ ಹಣ ಕದಿಯುತ್ತಾನೆ ಎಂದು ತೋರಿಸುವ ವಿಡಿಯೋ ದೇಶದೆಲ್ಲೆಡೆ ಹರಡಿತು. ಅದು ಸುಳ್ಳು ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಸ್ಪಷ್ಟಪಡಿಸಿತು. ಫಾಸ್ಟ್‌ಟ್ಯಾಗ್ ಹಣ ನೋಂದಾಯಿತ ಟೋಲ್ ಅಥವಾ ಪಾರ್ಕಿಂಗ್‌ನಂಥ ವ್ಯಾಪಾರಿ ಖಾತೆಗೆ ಮಾತ್ರ ಹೋಗುತ್ತದೆ, ಒಬ್ಬ ವ್ಯಕ್ತಿಯಿಂದ ಇನ್ನೊಬ್ಬ ವ್ಯಕ್ತಿಗೆ ಹೋಗುವುದಿಲ್ಲ ಎಂದು ಎನ್‌ಪಿಸಿಐ ವಿವರಿಸಿತು. ನಟಿಸಿ ಮಾಡಿದ ವಿಡಿಯೋ ಕೂಡ ಪುರಾವೆಯಂತೆ ಕಾಣುತ್ತದೆ ಎಂಬುದಕ್ಕೆ ಇದೇ ಉದಾಹರಣೆ.

ನಿಜವಾದ ಅಪಾಯ ಎಲ್ಲಿದೆ?

ಮೊದಲನೆಯದು ಕಳೆದುಹೋದ ಕಾರ್ಡ್. ಸಂತೆಯಲ್ಲೋ ಬಸ್ಸಿನಲ್ಲೋ ಬಿದ್ದ ಕಾರ್ಡಿನಲ್ಲಿ ಟ್ಯಾಪ್ ಚಾಲೂ ಇದ್ದರೆ, ಸಿಕ್ಕಿದವರು ಪಿನ್ ಇಲ್ಲದೆ ಒಂದಕ್ಕಿಂತ ಹೆಚ್ಚು ಸಲ ಬಳಸಬಹುದು. ಬೀರುವಿನಲ್ಲಿ ಇರಬಹುದು, ನಾಳೆ ಹುಡುಕಿದರಾಯಿತು ಎಂದು ಬಿಡಬೇಡಿ. ಮೊದಲು ಬ್ಲಾಕ್ ಮಾಡಿಸಿ, ಆಮೇಲೆ ಹುಡುಕಿ.

ಎರಡನೆಯದು ಇನ್ನೂ ಅಪಾಯಕಾರಿ. ಸ್ಲೊವಾಕಿಯಾ ಮೂಲದ ಭದ್ರತಾ ಸಂಸ್ಥೆ ಇಸೆಟ್ 2024ರ ಆಗಸ್ಟ್‌ನಲ್ಲಿ 'ಎನ್‌ಗೇಟ್' ಎಂಬ ಮೋಸದ ಆ್ಯಂಡ್ರಾಯ್ಡ್ ಆ್ಯಪ್ ಬಗ್ಗೆ ವರದಿ ಮಾಡಿತು. ಇದಕ್ಕೆ ಗುರಿಯಾದವರು ಜೆಕ್ ದೇಶದ ಬ್ಯಾಂಕ್ ಗ್ರಾಹಕರು. ಮೊದಲು ಮೊಬೈಲಿಗೆ ಲಿಂಕ್ ಬರುತ್ತದೆ. ಆಮೇಲೆ ಬ್ಯಾಂಕಿನಿಂದ ಎಂದು ಹೇಳಿಕೊಂಡು ಕರೆ ಬರುತ್ತದೆ. ಆ್ಯಪ್ ಹಾಕಿಸಿ, ಎನ್‌ಎಫ್‌ಸಿ ಚಾಲೂ ಮಾಡಿಸಿ, ಕಾರ್ಡನ್ನು ನಿಮ್ಮದೇ ಮೊಬೈಲಿನ ಬೆನ್ನಿಗೆ ಹಿಡಿಯಿರಿ, ಪಿನ್ ಒತ್ತಿ ಎನ್ನುತ್ತಾರೆ. ಕಾರ್ಡಿನ ಸಂಕೇತ ಇಂಟರ್ನೆಟ್ ಮೂಲಕ ಕಳ್ಳನ ಮೊಬೈಲಿಗೆ ಹೋಗುತ್ತದೆ. ಅವನು ಎಟಿಎಂ ಮುಂದೆ ನಿಂತು ಹಣ ತೆಗೆಯುತ್ತಾನೆ. ನಾಲ್ಕು ಸೆಂಟಿಮೀಟರಿನ ಬೇಲಿಯನ್ನು ಅವನು ಹಾರುವುದಿಲ್ಲ, ನಮ್ಮಿಂದಲೇ ತೆಗೆಸುತ್ತಾನೆ.

ನಮ್ಮ ಕಡೆ ಸರ್ಕಾರಿ ಯೋಜನೆಯ ಹೆಸರಿನಲ್ಲಿ, ವಾಹನದ ದಂಡದ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಫೈಲುಗಳದ್ದೂ ಇದೇ ಜಾಡು. ಎನ್‌ಎಫ್‌ಸಿ ಇಲ್ಲದ ಮೊಬೈಲಿನಲ್ಲೂ ಅವು ಮೆಸೇಜು, ಒಟಿಪಿ ಕದಿಯಬಲ್ಲವು. ಬ್ಯಾಂಕ್ ಆಗಲಿ ಸರ್ಕಾರವಾಗಲಿ ವಾಟ್ಸಾಪ್‌ನಲ್ಲಿ ಎಪಿಕೆ ಕಳಿಸಿ ಪಿನ್ ಕೇಳುವುದಿಲ್ಲ.

ಹಣ ಹೋದರೆ ನಿಯಮ ಯಾರ ಪರ?

ಗ್ರಾಹಕರ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಮುಖ್ಯವಾದದ್ದು. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋಗಿದ್ದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಿಮ್ಮ ಮೇಲೆ ಯಾವ ಹೊಣೆಯೂ ಇಲ್ಲ. 4ರಿಂದ 7 ಕೆಲಸದ ದಿನ ತಡವಾದರೆ ಸಾಮಾನ್ಯ ಉಳಿತಾಯ ಖಾತೆಯವರು ಒಂದು ವ್ಯವಹಾರಕ್ಕೆ 10,000 ರೂಪಾಯಿವರೆಗೆ ನಷ್ಟ ಹೊರಬೇಕಾಗಬಹುದು. ತಪ್ಪು ಗ್ರಾಹಕರದ್ದು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು.

ಆದರೆ ಪಿನ್ ಅಥವಾ ಒಟಿಪಿಯನ್ನು ನೀವೇ ಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ನಿಮ್ಮದೇ. ಅಂದರೆ ವಿಡಿಯೋದಲ್ಲಿ ಹೆದರಿಸುವ ಕಳ್ಳತನದಲ್ಲಿ ನಿಯಮ ನಿಮ್ಮ ಪರ ಇದೆ. ಯಾರೂ ವಿಡಿಯೋ ಮಾಡದ ಫೋನ್ ಮೋಸದಲ್ಲಿ ನಿಮಗೆ ಆ ರಕ್ಷಣೆ ಇಲ್ಲ.

ಇಲ್ಲೊಂದು ಸಣ್ಣ ವಿಷಯ ಗಮನಿಸಿ. ಎಷ್ಟೋ ಮನೆಗಳಲ್ಲಿ ಅಪ್ಪನ ಖಾತೆಗೆ ಬೆಂಗಳೂರಿನಲ್ಲಿರುವ ಮಗನ ಅಥವಾ ಮಗಳ ನಂಬರ್ ಜೋಡಿಸಿರುತ್ತಾರೆ. ಮೆಸೇಜ್ ಬಂದ ಮರುದಿನದಿಂದಲೇ ದಿನಗಳ ಲೆಕ್ಕ ಶುರುವಾಗುತ್ತದೆ. ನೋಡಬೇಕಾದವರ ಕೈಗೆ ಮೆಸೇಜ್ ತಲುಪುತ್ತಿದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಈಗಲೇ ಮಾಡಬಹುದಾದ ಕೆಲಸಗಳು

• ಟ್ಯಾಪ್ ಬಳಸುವುದಿಲ್ಲವೆಂದರೆ ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಶಾಖೆಯಲ್ಲಿ ಕೇಳಿ ಅದನ್ನು ಬಂದ್ ಮಾಡಿಸಿ. ಬಳಸುವುದಾದರೆ ದಿನದ ಮಿತಿಯನ್ನು ಕಡಿಮೆ ಇಡಿ.
• ಕಾರ್ಡಿನ ಜೊತೆ ಪಿನ್ ಬರೆದ ಚೀಟಿ ಇಡಬೇಡಿ.
• ಅಂಗಡಿಯಲ್ಲಿ ಕಾರ್ಡನ್ನು ನೀವೇ ಹಿಡಿದು, ಮೊತ್ತ ನೋಡಿ ಟ್ಯಾಪ್ ಮಾಡಿ.
• ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಅಲೆ ತಡೆಯುತ್ತದೆ, ನಿಜ. ಆದರೆ ಟ್ಯಾಪ್ ಬಂದ್ ಮಾಡಿಸಿದ್ದರೆ ಅದೂ ಬೇಕಿಲ್ಲ, ದುಬಾರಿ 'ಸುರಕ್ಷಾ ಪರ್ಸ್' ಕೂಡ ಬೇಕಿಲ್ಲ.
• ಹಣ ಹೋದರೆ ಬ್ಯಾಂಕಿಗೆ ಮತ್ತು ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಊರಿಗೆ ತಜ್ಞರನ್ನು ಕರೆಸುವುದಾದರೆ

ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘ, ಕಾಲೇಜುಗಳಲ್ಲಿ ಈಗ ಡಿಜಿಟಲ್ ಪಾವತಿಯ ಬಗ್ಗೆ ಮಾಹಿತಿ ಶಿಬಿರಗಳು ನಡೆಯುತ್ತವೆ. ಕರೆಸುವವರು ಯಾರೆಂಬುದರ ಮೇಲೆ ಶಿಬಿರದ ಉಪಯೋಗ ನಿಂತಿದೆ. ಗ್ರಾಮೀಣ ಬ್ಯಾಂಕ್ ಶಾಖೆಗಳು ತಿಂಗಳಿಗೊಮ್ಮೆ ಆರ್ಥಿಕ ಸಾಕ್ಷರತಾ ಶಿಬಿರ ನಡೆಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ, ಹಾಗಾಗಿ ಮೊದಲು ನಿಮ್ಮ ಶಾಖೆಯಲ್ಲೇ ಕೇಳಿ. ಮೋಸದ ವಿಧಾನ ಮತ್ತು ದೂರಿನ ಬಗ್ಗೆ ಹೇಳಲು ತುಮಕೂರಿನ ಸಿಇಎನ್ ಪೊಲೀಸರು ಸರಿ. ಸುರುಳಿ, ಕಾಂತಕ್ಷೇತ್ರದ ವಿಷಯಕ್ಕೆ ಹತ್ತಿರದ ಕಾಲೇಜಿನ ಎಲೆಕ್ಟ್ರಾನಿಕ್ಸ್ ಅಥವಾ ಭೌತಶಾಸ್ತ್ರದ ಮೇಷ್ಟ್ರು ಸಾಕು. ಪರ್ಸೋ ಆ್ಯಪೋ ಮಾರಲು ಬಂದವರು ತಜ್ಞರಲ್ಲ.

ಭಾಷಣ ಮಾತ್ರ ಸಾಲದು. ಕಾರ್ಡನ್ನು 2, 5, 10 ಸೆಂಟಿಮೀಟರ್ ದೂರದಲ್ಲಿ ಹಿಡಿದು ಎಲ್ಲಿ ಓದುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಮಷೀನಿನಲ್ಲಿ ತೋರಿಸಲು ಹೇಳಿ. ಟ್ಯಾಪ್ ಬಂದ್ ಮಾಡುವುದು ಹೇಗೆ, ಕಾರ್ಡ್ ಕಳೆದರೆ ರಾತ್ರಿ ಹೊತ್ತು ಯಾವ ನಂಬರಿಗೆ ಕರೆ ಮಾಡಬೇಕು, ದೂರು ಬರಹದಲ್ಲಿ ಹೇಗೆ ಕೊಡಬೇಕು, ಹಣ ಎಷ್ಟು ದಿನದಲ್ಲಿ ವಾಪಸ್ ಬರಬೇಕು: ಈ ನಾಲ್ಕು ಪ್ರಶ್ನೆಗಳನ್ನು ಮೊದಲೇ ಕಳುಹಿಸಿ. ಉತ್ತರವನ್ನು ಡೇರಿಯ ಗೋಡೆಗೆ ಅಂಟಿಸಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

'ಟ್ಯಾಪ್ ಕಾರ್ಡ್ ಕತ್ತರಿಸಬೇಡಿ. ಬಳಸದಿದ್ದರೆ ಟ್ಯಾಪ್ ಬಂದ್ ಮಾಡಿಸಿ. ಕಾರ್ಡ್ ಕಳೆದರೆ ಕೂಡಲೇ ಬ್ಲಾಕ್ ಮಾಡಿಸಿ. ಯಾರೇ ಹೇಳಿದರೂ ಕಾರ್ಡನ್ನು ನಿಮ್ಮ ಮೊಬೈಲಿಗೆ ಹಿಡಿದು ಪಿನ್ ಒತ್ತಬೇಡಿ. ಹಣ ಹೋದರೆ ಬ್ಯಾಂಕ್ ಮತ್ತು 1930ಕ್ಕೆ ತಕ್ಷಣ ಕರೆ ಮಾಡಿ. 3 ಕೆಲಸದ ದಿನ ದಾಟಿಸಬೇಡಿ.'