ತೊಂಬತ್ತರ ಬಿಲ್ಲೆ

ನಮ್ಮ ವಿಸ್ಕಿ ಬಾಟಲಿಯ ಚೀಟಿಯ ಮೇಲೆ 42.8 ಎಂದಿರುತ್ತದೆ. ನಲವತ್ತೆರಡೂ ಅಲ್ಲ, ನಲವತ್ತಮೂರೂ ಅಲ್ಲ. ಈ ಪಾಯಿಂಟ್ ಎಂಟು ಎಲ್ಲಿಂದ ಬಂತು ಅಂತ ಮೊನ್ನೆ ಬೀಗರ ಕಡೆಯ ಹುಡುಗನೊಬ್ಬ ಕೇಳಿದ. ನನಗೆ ಖುಷಿಯಾಯಿತು. ಅಬಕಾರಿಯಲ್ಲಿ ಮೂವತ್ತು ವರ್ಷ ಸವೆಸಿದವನನ್ನು ಜನ ಕೇಳುವುದು ಒಂದೇ, ಎಷ್ಟು ಗುಡ್ಡೆ ಹಾಕಿದ್ರಿ ಅಂತ.

ನಾನು ಕೆಲಸಕ್ಕೆ ಸೇರಿದ್ದು ಮಂಡ್ಯ ಕಡೆಯ ಒಂದು ಸಾರಾಯಿ ಗೋದಾಮಿಗೆ. ಗೇಟಿನಾಚೆಗೂ ಕಾಕಂಬಿಯ ವಾಸನೆ. ಮೊದಲ ದಿನವೇ ಹಿರಿಯರೊಬ್ಬರು ಮರದ ಪೆಟ್ಟಿಗೆಯೊಂದನ್ನು ತೆರೆದು ತೋರಿಸಿದರು. ಒಳಗೆ ಮಾಸಿದ ಮಖಮಲ್ಲು, ಅದರ ಗುಳಿಯಲ್ಲಿ ನಿಂಬೆಹಣ್ಣಿನಂಥ ಹಿತ್ತಾಳೆ ಗುಂಡು. ಗುಂಡಿನ ಮೇಲೆ 0ಯಿಂದ 10ರವರೆಗೆ ಗೆರೆ ಕೊರೆದ ಚಪ್ಪಟೆ ಕಡ್ಡಿ. ಪಕ್ಕದಲ್ಲಿ ಅಂಕಿ ಒತ್ತಿದ ತೂಕದ ಬಿಲ್ಲೆಗಳು; 10, 20, 30 ಹೀಗೆ 90ರವರೆಗೆ ಒಟ್ಟು ಒಂಬತ್ತಿರಬೇಕು. ಮದ್ಯದ ಖಡಕ್ಕು ಅಳೆಯುವ ಸೈಕ್ಸ್ ಹೈಡ್ರೋಮೀಟರ್ ಇದೇ. 1816ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಿ ಒಪ್ಪಿದ ಯಂತ್ರ.

ಅದಕ್ಕೂ ಮೊದಲು ಬ್ರಿಟಿಷರು ಕೋವಿಮದ್ದಿನ ಮೇಲೆ ಮದ್ಯ ಸುರಿದು ಕಿಡಿ ತಾಗಿಸುತ್ತಿದ್ದರಂತೆ. ಮದ್ದು ಹೊತ್ತಿದರೆ ಸರಕು 'ಪ್ರೂಫ್', ಬುಸ್ಸೆಂದು ನಂದಿದರೆ ನೀರು ಬೆರೆತಿದೆ ಅಂತ. ನಮ್ಮ ಸಾರಾಯಿ ಅಂಗಡಿಗಳಲ್ಲೂ ಗಿರಾಕಿಗಳು ಬೆರಳು ಅದ್ದಿ ಬೆಂಕಿಕಡ್ಡಿ ಹಿಡಿದು ನೀಲಿ ಉರಿ ನೋಡುತ್ತಿದ್ದರು. ಆದರೆ ಬಿಸಿಲಿಗೆ ಕಾದ ಸರಕು ಬೇಗ ಹೊತ್ತುತ್ತದೆ, ಬೆಂಕಿಯ ಮಾತನ್ನು ನಂಬಿ ತೆರಿಗೆ ಹಾಕಲಾಗದು. ಅದಕ್ಕೇ ತೂಕದ ಲೆಕ್ಕ ಬಂತು. 51 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಅಷ್ಟೇ ಅಳತೆಯ ನೀರಿನ ಹದಿಮೂರರಲ್ಲಿ ಹನ್ನೆರಡು ಪಾಲು ತೂಗಿದರೆ ಅದು ಪ್ರೂಫ್. ಅಂದರೆ ನೂರಕ್ಕೆ 57.1 ಪಾಲು ಆಲ್ಕೋಹಾಲು. ಅದರ ಮುಕ್ಕಾಲು ಭಾಗ ತೆಗೆದುಕೊಳ್ಳಿ, ಸಿಗುವುದು 42.8. ಗೋದಾಮಿನ ಭಾಷೆಯಲ್ಲಿ 25 ಯು.ಪಿ., ಪ್ರೂಫಿಗಿಂತ ಇಪ್ಪತ್ತೈದು ಕೆಳಗೆ. ಬ್ರಿಟನ್ನಿನವರೇ 1980ರಲ್ಲಿ ಆ ಲೆಕ್ಕ ಬಿಟ್ಟು ಶೇಕಡಾವಾರಿಗೆ ಬಂದರು. ನಮ್ಮ ಚೀಟಿಯಲ್ಲಿ ಅದರ ಮುಕ್ಕಾಲು ಇನ್ನೂ ಕೂತಿದೆ.

51 ಡಿಗ್ರಿ ಎಂದರೆ ಹತ್ತೂವರೆ ಸೆಲ್ಸಿಯಸ್, ಲಂಡನ್ನಿನ ಚಳಿ. ನಮ್ಮ ಗೋದಾಮಿನ ತಗಡಿನ ಸೂರಿನಡಿ ಏಪ್ರಿಲ್ಲಿನಲ್ಲಿ ಗುಂಡು ತೇಲಿಬಿಟ್ಟರೆ ಲೊಡಕ್ಕನೆ ಇಳಿಯುತ್ತಿತ್ತು, ಸರಕು ಇದ್ದುದಕ್ಕಿಂತ ಖಡಕ್ಕಾಗಿ ಕಾಣುತ್ತಿತ್ತು. ಆಮೇಲೆ ಥರ್ಮಾಮೀಟರ್, ಆಮೇಲೆ ಅಂಕಿಗಳ ದಪ್ಪ ಪುಸ್ತಕ. 66 ಓ.ಪಿ., ಅಂದರೆ ಪ್ರೂಫಿಗಿಂತ ಅರವತ್ತಾರು ಮೇಲಿನ ಸ್ಪಿರಿಟು ಒಂದು ಲೀಟರ್ ಇಳಿದರೆ 25 ಯು.ಪಿ. ಸರಕು ಎರಡು ಲೀಟರಿಗೂ ಮೇಲೆ ಏಳುತ್ತದೆ. ಉಳಿದದ್ದೆಲ್ಲ ನೀರು. ಅಬಕಾರಿ ಎಂಬ ಪಾರಸಿ ಮಾತಿನಲ್ಲೇ 'ಆಬ್' ಇದೆಯಲ್ಲ, ನೀರು! ನಾವು ಕಾಯುತ್ತಿದ್ದುದೂ ನೀರನ್ನೇ. ಕುಡಿಯುವವನಿಗೆ ಎಷ್ಟು ಏರುತ್ತದೆ ಎಂಬುದು ಯಾವ ರಿಜಿಸ್ಟರಿನ ಕಾಲಮ್ಮಿನಲ್ಲೂ ಇರಲಿಲ್ಲ.

ಹುಡುಗನ ಕೈಯಲ್ಲಿದ್ದದ್ದು ಸ್ಟ್ರಾಂಗ್ ಬಿಯರು. "ನಂದು ಬರೀ ಬಿಯರ್ ಅಂಕಲ್" ಅಂದ. 650 ಮಿಲಿ, ಶೇಕಡಾ 8. ಲೆಕ್ಕ ಹಾಕಿ ತೋರಿಸಿದೆ: 52 ಮಿಲಿ ಆಲ್ಕೋಹಾಲು. 60 ಮಿಲಿಯ ಎರಡು ಪೆಗ್ ವಿಸ್ಕಿಯಲ್ಲಿ 51. ಅವನು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಹೆಂಡದ ವಿಷಯ ಕೇಳಲಿಲ್ಲ, ಒಳ್ಳೆಯದಾಯಿತು. ಮರದಿಂದ ಇಳಿಸಿದ ಗಳಿಗೆಯಲ್ಲಿ ನೀರಾ, ಮಧ್ಯಾಹ್ನಕ್ಕೆ ಹುಳಿ ಏರಿ ಕಳ್ಳು. ಗಂಟೆಗೊಂದು ಅಂಕಿ ತೋರಿಸುವ ಸರಕಿಗೆ ಚೀಟಿ ಅಂಟಿಸುವುದಾದರೂ ಹೇಗೆ?

2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ನಿಂತಿತು. ಪೆಟ್ಟಿಗೆಯ ಚಾರ್ಜು ಒಪ್ಪಿಸುವಾಗ ಬಿಲ್ಲೆ ಎಣಿಸಿದೆವು, ಎಂಟು. ನಾನು ಸೇರಿದಾಗಲೂ ಎಂಟೇ. ವರ್ಷ ವರ್ಷವೂ ಸ್ಟಾಕ್ ಪುಸ್ತಕದಲ್ಲಿ 'ಒಂದು ಕಡಿಮೆ' ಎಂದು ಬರೆದು ರುಜು ಹಾಕಿದ್ದೇವೆ, ನನ್ನದೂ ಇದೆ. ಕಡಿಮೆಯಿದ್ದದ್ದು ತೊಂಬತ್ತರದ್ದು. ಸರಕು ಹೆಚ್ಚುಕಡಿಮೆ ನೀರೇ ಆಗಿದ್ದಾಗ ಬೇಕಾಗುವ ಬಿಲ್ಲೆ.