ರೆಸಿಡೆನ್ಸಿಯೂ ಶಾಸನಸಭೆಯೂ

ಬೆಂಗಳೂರು ದಂಡುಪ್ರದೇಶದ ಅಂಚಿನಲ್ಲಿರುವ ರಾಜಭವನವು ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಕಟ್ಟಲ್ಪಟ್ಟು, 1881ರ ಬಳಿಕ ಬ್ರಿಟಿಷ್ ರೆಸಿಡೆಂಟರ ನಿವಾಸವಾಗಿದ್ದಿತು. ಆ ವರ್ಷ ಮೈಸೂರು ರಾಜ್ಯವು ಒಡೆಯರಿಗೆ ಮರಳಿ ಬಂದಿತಾದರೂ ಹಲಸೂರು ಮತ್ತು ಈಗ ಶಿವಾಜಿನಗರವೆನಿಸಿರುವ ಪೇಟೆಯನ್ನೊಳಗೊಂಡ ದಂಡುಪ್ರದೇಶವು ಬ್ರಿಟಿಷರ ವಶದಲ್ಲಿಯೇ ಉಳಿಯಿತು. ಅದೇ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ದಂಡಿನ ಜನರಿಗೆ ಅದರೊಡನೆ ಸಂಬಂಧವಿರಲಿಲ್ಲ. ಅವರಿಗೆ ಕಾನೂನು ಭಾರತ ಸರ್ಕಾರದ ಅಪ್ಪಣೆಯ ರೂಪದಲ್ಲಿ ಬರುತ್ತಿದ್ದಿತು. ಈ ಸ್ಥಿತಿ 1947ರವರೆಗೆ ನಡೆಯಿತು.

ಮೈಸೂರಿನ ಸಭೆಗೂ ದಿವಾನರೇ ಅಧ್ಯಕ್ಷರು; 1907ರ ನ್ಯಾಯವಿಧಾಯಕ ಸಭೆಗೂ ಹಾಗೆಯೇ. ಉತ್ತರ ಕೊಡಬೇಕಾದವರೇ ಪ್ರಶ್ನೆಗೆ ಅಪ್ಪಣೆ ಕೊಡುವವರೂ ಆಗಿದ್ದರು. ಆದುದರಿಂದ ಅಧಿಕಾರಿಯನ್ನು ಸಭೆಯು ಕೆಳಗಿಳಿಸುವ ಪ್ರಶ್ನೆ ಅಂದು ಹುಟ್ಟಲೇ ಇಲ್ಲ.

ಸ್ವಾತಂತ್ರ್ಯಾನಂತರ ರೆಸಿಡೆನ್ಸಿಯು ರಾಜಭವನವಾಯಿತು. 1956ರಲ್ಲಿ ಪೂರ್ತಿಯಾದ ವಿಧಾನಸೌಧವು ಅದಕ್ಕೆ ಕೂಗಳತೆಯಲ್ಲಿಯೇ ಎದ್ದು ನಿಂತಿತು. ಇವೆರಡರ ನಡುವಿನ ತೂಕ 1989ರ ಏಪ್ರಿಲಿನಲ್ಲಿ ಪರೀಕ್ಷೆಗೆ ಬಂದಿತು. ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರಿಂದ ಬೆಂಬಲವನ್ನು ಹಿಂತೆಗೆದುಕೊಂಡೆವೆಂಬ ಹತ್ತೊಂಬತ್ತು ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದುವು. 19ರಂದು ರಾಜ್ಯಪಾಲರು ರಾಷ್ಟ್ರಪತಿಗೆ ವರದಿಮಾಡಿದರು. ಮರುದಿನ ಏಳು ಮಂದಿ ಶಾಸಕರು ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆಯಿಂದ ಪಡೆಯಲಾಯಿತೆಂದು ಬರೆದರು; ಬಹುಮತವನ್ನು ಸಭೆಯಲ್ಲಿ ತೋರಿಸುವುದಕ್ಕೆ ಮುಖ್ಯಮಂತ್ರಿಗಳು ಸಿದ್ಧರಿದ್ದರು. ಆದರೂ ರಾಜಭವನದಿಂದ ಎರಡನೆಯ ವರದಿ ಹೊರಟಿತು. 21ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ನರು ಸಂವಿಧಾನದ 356ನೆಯ ಅನುಚ್ಛೇದದಂತೆ ಘೋಷಣೆ ಹೊರಡಿಸಲು, ಮಂತ್ರಿಮಂಡಲವು ವಜಾ ಆಯಿತು, ವಿಧಾನಸಭೆಯೂ ವಿಸರ್ಜಿತವಾಯಿತು. ರಾಷ್ಟ್ರಪತಿಯು ಇಂಥದರಲ್ಲಿ ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವನೆಂಬುದನ್ನು ಮರೆಯಲಾಗದು. ಹೆಸರು ರಾಷ್ಟ್ರಪತಿಯದು, ಕೈ ಬೇರೆಯವರದು.

ತಲೆ ಎಣಿಸುವವರು ಯಾರು? ಸಭೆಯೋ, ಸಭೆಯ ಹೊರಗಿರುವ ಅಧಿಕಾರಿಯೋ? ಕರ್ನಾಟಕದ ಉಚ್ಚ ನ್ಯಾಯಾಲಯವು ಸಭೆಯಲ್ಲಿಯೇ ಬಹುಮತವನ್ನು ಪರೀಕ್ಷಿಸಲೇಬೇಕೆಂಬ ಕಡ್ಡಾಯವಿಲ್ಲವೆಂದು ಅರ್ಜಿಯನ್ನು ತಳ್ಳಿಹಾಕಿತು. ಐದು ವರ್ಷಗಳ ಮೇಲೆ, 1994ರ ಮಾರ್ಚ್ 11ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಬೇರೆಯ ನಿರ್ಣಯಕ್ಕೆ ಬಂದಿತು. ಬಹುಮತವು ನಿಶ್ಚಯವಾಗಬೇಕಾದ ಸ್ಥಳ ಸಭಾಂಗಣವೇ; ರಾಷ್ಟ್ರಪತಿಯ ತೃಪ್ತಿಗೆ ಆಧಾರವಾದ ಸಂಗತಿಗಳನ್ನು ನ್ಯಾಯಾಲಯವು ಪರಿಶೀಲಿಸಬಹುದು; ಸಂಸತ್ತಿನ ಎರಡು ಮನೆಗಳೂ ಒಪ್ಪುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿರಿಸಬಹುದೇ ಹೊರತು ವಿಸರ್ಜಿಸಲಾಗದು. ಕರ್ನಾಟಕದ ಘೋಷಣೆ ಸಂವಿಧಾನವಿರುದ್ಧವೆಂದಾಯಿತು. ಇಷ್ಟಾದರೂ 1989ರ ನವೆಂಬರಿನಲ್ಲಿಯೇ ಹೊಸ ಚುನಾವಣೆ ನಡೆದು ಹೋಗಿತ್ತು. ಗೆದ್ದ ಅರ್ಜಿದಾರರಿಗೆ ಕಳೆದುಹೋದ ಸಭೆ ಮರಳಿ ಸಿಕ್ಕಲಿಲ್ಲ. ಈ ತೀರ್ಪನ್ನು ಹೊಗಳುವವರು ಈ ಭಾಗವನ್ನು ಬೇಗನೆ ದಾಟಿಬಿಡುವರು.

2018ರ ಮೇ ತಿಂಗಳಿನಲ್ಲಿ ಇದೇ ರಾಜಭವನದಿಂದ ಬಿ. ಎಸ್. ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ಹದಿನೈದು ದಿನಗಳ ಅವಕಾಶ ದೊರೆಯಿತು. ಸರ್ವೋಚ್ಚ ನ್ಯಾಯಾಲಯವು 18ರಂದು ಅದನ್ನು ಮೊಟಕುಮಾಡಿ, ಮರುದಿನ ಸಾಯಂಕಾಲ 4 ಗಂಟೆಗೆ ವಿಧಾನಸೌಧದಲ್ಲಿ ಮತ ತೆಗೆಯಬೇಕೆಂದು ವಿಧಿಸಿತು. ಮುಖ್ಯಮಂತ್ರಿಗಳು ಸಭೆಯಲ್ಲಿ ಭಾಷಣಮಾಡಿ, ಮತ ಎಣಿಸುವುದಕ್ಕೆ ಮೊದಲೇ ರಾಜೀನಾಮೆ ಕೊಡಲು ರಾಜಭವನಕ್ಕೆ ಹೊರಟರು.