ಸ್ಯಾಚೆಲ್ ಪೇಜ್‌ಗೆ ಹಾಕಲು ಹೊರಟಿದ್ದ ಬೇರೆ ಪಂಕ್ತಿ

"ಮೆರಿಟ್ ಇದ್ದವನನ್ನ ಯಾರೂ ತಡೆಯೋಕಾಗಲ್ಲ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಾನೊಬ್ಬ ಗುಮಾಸ್ತ. ಬಡ್ತಿ ಪಟ್ಟಿ ಬಂದ ದಿನವೆಲ್ಲ ಇದೇ ಮಾತು ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡುತ್ತೆ. ಹಾಗನ್ನುವವರಿಗೆ ಅಮೆರಿಕದ ಬೇಸ್‌ಬಾಲ್ ಆಟಗಾರ ಸ್ಯಾಚೆಲ್ ಪೇಜ್ ಅವರ ಕಥೆ ಹೇಳಬೇಕು.

ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನು ಪಿಚರ್, ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದಂತೆ. ಪೇಜ್ ಹುಟ್ಟಿದ್ದು 1906ರಲ್ಲಿ, ಅಲಬಾಮಾದ ಮೊಬೀಲ್ ಊರಿನ ಬಡ ಕಪ್ಪು ಕುಟುಂಬದಲ್ಲಿ. ಸಣ್ಣಪುಟ್ಟ ಕಳ್ಳತನಕ್ಕೆ 12ನೇ ವಯಸ್ಸಲ್ಲೇ ಬಾಲಾಪರಾಧಿಗಳ ಶಾಲೆಗೆ ಹಾಕಿದರು. ಪಿಚಿಂಗ್ ಪಳಗಿದ್ದು ಅಲ್ಲೇ. 1926ರಿಂದ ಕಪ್ಪುಜನರಿಗೇ ಇದ್ದ ನೀಗ್ರೋ ಲೀಗ್‌ಗಳಲ್ಲಿ ಆಡಿದರು. ಯಾಕಂದ್ರೆ ಮೇಜರ್ ಲೀಗ್ ಬಿಳಿಯರಿಗೆ ಮಾತ್ರ. ಅದಕ್ಕೆ ಬರೆದಿಟ್ಟ ನಿಯಮ ಇರಲಿಲ್ಲ, ಮಾಲೀಕರ ಒಳಒಪ್ಪಂದ ಅಷ್ಟೇ. ನಮ್ಮ ಹಳ್ಳಿ ಹೋಟೆಲುಗಳಲ್ಲಿ ಬೇರೆ ಲೋಟ ಇಡೋಕೆ ಯಾರಾದರೂ ಬೋರ್ಡು ಹಾಕಿದ್ದರಾ?

ಸೀಸನ್ ಮುಗಿದ ಮೇಲೆ ಪ್ರದರ್ಶನ ಪಂದ್ಯಗಳಲ್ಲಿ ಅದೇ ಬಿಳಿ ಸ್ಟಾರ್‌ಗಳು ಪೇಜ್ ಎದುರು ಬ್ಯಾಟ್ ಹಿಡಿದು ನಿಲ್ಲುತ್ತಿದ್ದರು, ಸೋಲುತ್ತಿದ್ದರು. ತಾನು ಎದುರಿಸಿದವರಲ್ಲಿ ಇವರೇ ಶ್ರೇಷ್ಠ ಅಂತ ಜೋ ಡಿಮ್ಯಾಜಿಯೊ ಒಪ್ಪಿದ್ದರು. ಮೆರಿಟ್ ಎಲ್ಲರ ಕಣ್ಣಿಗೂ ಕಂಡಿತ್ತು. ಬಾಗಿಲು ಮಾತ್ರ ತೆರೆಯಲಿಲ್ಲ.

ಪೇಜ್ ಮೇಲಿದ್ದ ದೊಡ್ಡ ಆರೋಪ, "ಒಪ್ಪಂದ ಮುರಿಯುವವನು" ಅಂತ. ಅದು ಸುಳ್ಳಲ್ಲ. 1935ರಲ್ಲಿ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡ ಬಿಟ್ಟು ಬಿಸ್ಮಾರ್ಕ್‌ಗೆ ಹೋದರು. 1937ರಲ್ಲಿ ಡೊಮಿನಿಕನ್ ಸರ್ವಾಧಿಕಾರಿ ಟ್ರುಹಿಯೊನ ಹಣಕ್ಕೆ ಅವನ ತಂಡದ ಪರ ಆಡಿದರು, ಇನ್ನೂ ಹಲವು ಆಟಗಾರರು ಅದೇ ದಾರಿ ಹಿಡಿದರು. ಲೀಗ್ ನಿಷೇಧ ಹೇರಿತು. ಇದರಲ್ಲಿ ನೋವಿನ ಸಂಗತಿ ಏನಂದ್ರೆ, ಪೇಜ್ ಕೈಬಿಟ್ಟ ತಂಡದ ಮಾಲೀಕ ಗಸ್ ಗ್ರೀನ್‌ಲೀ ಕೂಡ ಕಪ್ಪುಜನರೇ. ಪೆಟ್ಟು ಬಿದ್ದದ್ದು ನಮ್ಮಂಥವರೇ ಕಟ್ಟಿದ ಸಂಸ್ಥೆಗೆ. ಇದನ್ನ ಮುಚ್ಚಿಟ್ಟು ಪೇಜ್ ಅವರಿಗೆ ಹಾರ ಹಾಕಬೇಕಿಲ್ಲ. ಹಾಗೇ ಇನ್ನೊಂದೂ ಮರೆಯಬಾರದು: ತಂಡಕ್ಕೆ ಊಟ, ಮಲಗಲು ಜಾಗ ಕೊಡದ ಊರಲ್ಲಿ ಆಡಲ್ಲ ಅಂತ ಹಟ ಹಿಡಿದವರೂ ಇವರೇ. ತನ್ನ ತೋಳಿನ ಬೆಲೆ ಗೊತ್ತಿದ್ದ ಮನುಷ್ಯ. ಆ ಬೆಲೆ ಸಿಗುವ ಜಾಗದಲ್ಲಿ ಅವರಿಗೆ ಪ್ರವೇಶವೇ ಇರಲಿಲ್ಲ.

1947ರಲ್ಲಿ ಜಾಕಿ ರಾಬಿನ್‌ಸನ್ ಮೇಜರ್ ಲೀಗ್‌ನ ಗೋಡೆ ಒಡೆದರು. ಮರುವರ್ಷ ಜುಲೈ 7ರಂದು ಕ್ಲೀವ್‌ಲ್ಯಾಂಡ್ ತಂಡ ಪೇಜ್ ಅವರನ್ನ ಸೇರಿಸಿಕೊಂಡಿತು. ಅವತ್ತಿಗೆ ಅವರಿಗೆ 42 ವರ್ಷ ತುಂಬಿತ್ತು! ಸ್ಪೋರ್ಟಿಂಗ್ ನ್ಯೂಸ್ ಪತ್ರಿಕೆಯ ಸ್ಪಿಂಕ್ ಗರಂ ಆದರು. ಬಿಳಿಯನಾಗಿದ್ದರೆ ಈ ವಯಸ್ಸಿನವನತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ ಅನ್ನೋದು ಅವರ ವಾದದ ಸಾರ. ಅಲ್ಲ ಸ್ವಾಮಿ, ಬಿಳಿಯನಾಗಿದ್ದರೆ 20ರ ಹರೆಯದಲ್ಲೇ ಅಲ್ಲಿರುತ್ತಿದ್ದರಲ್ಲ? ಬಾಗಿಲು ಹಾಕಿಕೊಂಡು ಕೂತವರೇ, ಒಳಗೆ ಬಂದವನಿಗೆ "ತಡವಾಗಿ ಬಂದೆ" ಅಂದರು! ಪೇಜ್ ಆ ವರ್ಷ 6 ಪಂದ್ಯ ಗೆದ್ದರು, 1 ಸೋತರು. ಅವರನ್ನ ನೋಡೋಕೆ 70 ಸಾವಿರಕ್ಕೂ ಹೆಚ್ಚು ಜನ ಸೇರಿದ ಪಂದ್ಯಗಳುಂಟು. ತಂಡ ವರ್ಲ್ಡ್ ಸೀರೀಸ್ ಗೆದ್ದಿತು.

1965ರಲ್ಲಿ, 59ನೇ ವಯಸ್ಸಲ್ಲಿ, ಕಾನ್ಸಾಸ್ ಸಿಟಿ ತಂಡದ ಮಾಲೀಕ ಒಂದು ಪಂದ್ಯಕ್ಕೆ ಮತ್ತೆ ಕರೆಸಿದ. ಜನ ನಗಲಿ ಅಂತ ತೂಗುಕುರ್ಚಿ ಹಾಕಿಸಿ, ಪಕ್ಕಕ್ಕೆ ನರ್ಸ್ ನಿಲ್ಲಿಸಿದ್ದ. ಪೇಜ್ ಎದ್ದು ಹೋಗಿ 3 ಇನಿಂಗ್ಸ್ ಎಸೆದರು. ಎದುರಾಳಿಗೆ ಸಿಕ್ಕಿದ್ದು ಒಂದೇ ಹಿಟ್, ರನ್ ಸೊನ್ನೆ.

ಇನ್ನು 1971. ಹಾಲ್ ಆಫ್ ಫೇಮ್ ಗೌರವ ಘೋಷಣೆಯಾಯ್ತು. ಆದರೆ ನೀಗ್ರೋ ಲೀಗ್‌ನವರಿಗೆ ಬೇರೆ ವಿಭಾಗವಂತೆ! ಸನ್ಮಾನದಲ್ಲೂ ಪಂಕ್ತಿಭೇದ. ಜನ ಸುಮ್ಮನಿರಲಿಲ್ಲ, ಗಲಾಟೆ ಎದ್ದಿತು. ಕೆಲವೇ ತಿಂಗಳಲ್ಲಿ ಸಂಸ್ಥೆ ಮಣಿದು, ಉಳಿದವರ ಸಾಲಿನಲ್ಲೇ ಜಾಗ ಕೊಟ್ಟಿತು. ಆ ನೀಗ್ರೋ ಲೀಗ್‌ಗಳೂ ಮೇಜರ್ ಲೀಗ್‌ಗಳೇ ಅಂತ ಒಪ್ಪಿಕೊಳ್ಳೋಕೆ 2020 ಬರಬೇಕಾಯ್ತು. ಅಷ್ಟೊತ್ತಿಗೆ ಪೇಜ್ ತೀರಿಕೊಂಡು 38 ವರ್ಷ.

ಗೆಳೆಯರೇ, ಪೇಜ್ ಅವರ ಮೆರಿಟ್ 1926ರಲ್ಲೂ ಇತ್ತು, 1948ರಲ್ಲೂ ಇತ್ತು. ನಡುವಿನ 22 ವರ್ಷ ನುಂಗಿದ್ದು ಯಾರು ಅಂತ ಕೇಳಿ. ಪ್ರಾತಿನಿಧ್ಯ ಕೇಳುವಾಗ ತಲೆ ತಗ್ಗಿಸಬೇಡಿ. ನಾವು ಕೇಳುತ್ತಿರೋದು ಭಿಕ್ಷೆ ಅಲ್ಲ, ಕಳೆದುಹೋದ ವರ್ಷಗಳ ಬಾಕಿ.

ಜೈಭೀಮ್.